ನೀಲಿ ಅಂದುಕೊಂಡು ಸುರಿದದ್ದು

ಗರ್ಭಕೋಶ ತೆಗೆಯುವ ಆಪರೇಷನ್. ಆಕೆಗೆ ಹಿಂದೆ ಎರಡು ಸಿಸೇರಿಯನ್ ಆಗಿದ್ದವು, ಹಾಗಾಗಿ ಮೂತ್ರಕೋಶ ಗರ್ಭಕೋಶಕ್ಕೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಬಿಡಿಸುವಾಗ ಎಲ್ಲಾದರೂ ತೂತು ಬಿತ್ತಾ ಅಂತ ಅನುಮಾನ ಬಂತು. ಇಂಥ ಹೊತ್ತಲ್ಲಿ ಸಲೈನ್‌ಗೆ ಸ್ವಲ್ಪ ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣದ ದ್ರಾವಣ ಬೆರೆಸಿ, ಕ್ಯಾತಿಟರ್ (ಮೂತ್ರದ ನಳಿಕೆ) ಮೂಲಕ ಸುಮಾರು 200 ಮಿ.ಲೀ. ಮೂತ್ರಕೋಶಕ್ಕೆ ತುಂಬಿಸುತ್ತೇವೆ. ಹೊರಗಿಟ್ಟ ಬಿಳಿ ಗಾಜ್ ಬಟ್ಟೆ ನೀಲಿಯಾದರೆ ಸೋರುತ್ತಿದೆ ಅಂತ ಅರ್ಥ.

"ಸಿಸ್ಟರ್, ಬ್ಲೂ ಕೊಡಿ" ಅಂದೆ. ತಪ್ಪು ಶುರುವಾಗಿದ್ದೇ ಅಲ್ಲಿ. ಅವರು ಕಂದು ಬಾಟಲಿಯಿಂದ ಸುರಿದು ಬೆರೆಸಿದರು. ಲೇಬಲ್ ಅರ್ಧ ಅಳಿಸಿಹೋಗಿತ್ತು. ಅವರೂ ಓದಲಿಲ್ಲ, ನಾನೂ ಕೇಳಲಿಲ್ಲ.

ಗಾಜ್ ಬೆಳ್ಳಗೇ ಇತ್ತು. ಸದ್ಯ ಅಂದುಕೊಂಡೆ. ಆದರೆ ದ್ರಾವಣ ಹೊರಬಿಡುವಾಗ ಒಂದು ಹನಿ ಬಟ್ಟೆಯ ಮೇಲೆ ಬಿದ್ದು ಹರಡಿತು. ತೆಳುವಾದ ಮೆಥಿಲೀನ್ ಬ್ಲೂ ಆಕಾಶದ ಬಣ್ಣ ಬರುತ್ತದೆ. ಇದರ ಅಂಚು ನೇರಳೆ. ಜೆಂಟಿಯನ್ ವಯಲೆಟ್! ಚರ್ಮಕ್ಕೆ, ಬಾಯಿಯ ಫಂಗಸ್‌ಗೆ ಹಚ್ಚುವ ಔಷಧ. ಮೂತ್ರಕೋಶದ ಒಳಪದರವನ್ನು ಇದು ಸುಟ್ಟಹಾಗೆ ಮಾಡುತ್ತದೆ.

ತಕ್ಷಣ ಸಲೈನ್ ಹಾಯಿಸಿ ತೊಳೆಯಲು ಶುರು ಮಾಡಿದೆವು. ಬರುವ ನೀರು ತಿಳಿಯಾದರೂ ಬಿಡದೆ ತೊಳೆದೆವು. ಮನೆಯವರಿಗೆ ಅವತ್ತೇ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಷ್ಟು ಕಷ್ಟದ ಮಾತು ಅದಕ್ಕೂ ಮೊದಲು ಆಡಿರಲಿಲ್ಲ.

ಮಾರನೇ ದಿನ ಕಿಬ್ಬೊಟ್ಟೆಯಲ್ಲಿ ವಿಪರೀತ ಉರಿ, ಕ್ಯಾತಿಟರ್‌ನಲ್ಲಿ ರಕ್ತ. ಮೂತ್ರಕೋಶದ ಒಳಗೆ ನೋಡುವ ಸಿಸ್ಟೋಸ್ಕೋಪ್ ಇಳಿಸಿ ನೋಡಿದರೆ ಒಳಪದರ ಊದಿ ಕೆಂಪಾಗಿತ್ತು, ಅಲ್ಲಲ್ಲಿ ನೇರಳೆ ತೇಪೆ, ಕೆಲವು ಕಡೆ ಸುಲಿದೇ ಹೋಗಿತ್ತು. ಇದಕ್ಕೆ ಪ್ರತಿವಿಷ ಅಂತ ಇಲ್ಲ. ಕ್ಯಾತಿಟರ್ ಇಟ್ಟು, ನೋವಿಗೆ ಔಷಧ ಕೊಟ್ಟು ಕಾಯಬೇಕು, ಅಷ್ಟೇ. ಮಾಯುವಾಗ ಮೂತ್ರಕೋಶ ಕುಗ್ಗಿಬಿಟ್ಟರೆ ಅನ್ನುವುದೇ ದೊಡ್ಡ ಭಯ. ಪುಣ್ಯಕ್ಕೆ ಹಾಗಾಗಲಿಲ್ಲ. ಆದರೂ ಆಕೆ ಎರಡು ತಿಂಗಳು ರಾತ್ರಿ ಐದಾರು ಸಲ ಏಳುತ್ತಿದ್ದರು.

ಈಗ ನಾನು "ಬ್ಲೂ" ಅನ್ನುವುದಿಲ್ಲ, ಪೂರ್ತಿ ಹೆಸರು ಹೇಳುತ್ತೇನೆ. ಆಂಪೂಲ್ (ಔಷಧದ ಪುಟ್ಟ ಸೀಲ್ಡ್ ಸೀಸೆ) ಕಣ್ಣೆದುರೇ ಒಡೆಯಬೇಕು, ಲೇಬಲ್ ಜೋರಾಗಿ ಓದಬೇಕು. ಬೆರೆಸಿದ್ದರಲ್ಲಿ ಒಂದು ಹನಿ ಮೊದಲು ಬಿಳಿ ಗಾಜ್ ಮೇಲೆ. ನೇರಳೆ ಬಾಟಲಿಗೆ ಥಿಯೇಟರ್ ಒಳಗೆ ಜಾಗವೇ ಇಲ್ಲ. ಮೆಥಿಲೀನ್ ಬ್ಲೂ ಕೂಡ ಸಾಧು ಅಲ್ಲ, ಗೊತ್ತಲ್ವಾ? ರಕ್ತನಾಳಕ್ಕೆ ಕೊಡುವುದಾದರೆ ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇದೆಯಾ, ಡಿಪ್ರೆಷನ್‌ಗೆ ಮಾತ್ರೆ ತಗೊಳ್ಳುತ್ತಾರಾ ಅಂತ ಕೇಳಲೇಬೇಕು.

ಸೋರಿಕೆ ನೋಡಲಷ್ಟೇ ಆದರೆ ಈಗೀಗ ನಾನು ಮಕ್ಕಳಿಗೆ ಕುಡಿಸುವ ಸ್ಟೆರೈಲ್ ಫಾರ್ಮುಲಾ ಹಾಲೇ ಬಳಸುವುದು ಜಾಸ್ತಿ. ಸೋರಿದರೆ ಬೆಳ್ಳಗೆ ಕಾಣುತ್ತದೆ, ಸುತ್ತಲಿನ ಭಾಗಕ್ಕೆ ಬಣ್ಣ ಹಿಡಿಯುವುದಿಲ್ಲ. ಹೊಲಿಗೆ ಹಾಕಿದ ಮೇಲೆ ಇನ್ನೊಂದು ಸಲ ತುಂಬಿಸಿಯೂ ನೋಡಬಹುದು.