ಎಚ್-1ಬಿಯ ಆರು ವರ್ಷ: ಊರಿಗೆ ಹೋಗಿದ್ದ ದಿನಗಳನ್ನು ನಾನು ವಾಪಸ್ ಪಡೆದದ್ದು

ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಅಮೆರಿಕಾದಲ್ಲಿ ಎಷ್ಟು ವರ್ಷ ಇರಬಹುದು ಅಂತ ಯಾರನ್ನೇ ಕೇಳಿ, ಆರು ವರ್ಷ ಅಂತಾರೆ. ಮೊದಲು ಮೂರು, ಆಮೇಲೆ ಇನ್ನೊಂದು ಮೂರು. ಉತ್ತರ ಸರಿಯೇ. ಆದರೆ ಎಚ್-1ಬಿಯಲ್ಲಿ ಅಮೆರಿಕಾದ ನೆಲದ ಮೇಲೆ ಕಳೆದ ದಿನಗಳಷ್ಟೇ ಈ ಆರು ವರ್ಷದ ಲೆಕ್ಕಕ್ಕೆ ಬರುತ್ತವೆ. ಊರಿಗೆ ಹೋಗಿದ್ದ ದಿನಗಳನ್ನು ವಾಪಸ್ ಕೇಳಬಹುದು. ಇದಕ್ಕೆ ರಿಕ್ಯಾಪ್ಚರ್ ಅಂತಾರೆ. ನಾನು ಮನೆ ಖಾಲಿ ಮಾಡಿಕೊಂಡು ಹೊರಡದೆ ಇಲ್ಲೇ ಉಳಿದದ್ದು ಇದರಿಂದಲೇ.

ಆರು ವರ್ಷ ದಾಟಿ ಇರಬೇಕಾದರೆ ಗ್ರೀನ್ ಕಾರ್ಡ್ ಕೆಲಸ ಶುರುವಾಗಿರಬೇಕು. 2000ರಲ್ಲಿ ಬಂದ ಎಸಿ21 ಕಾನೂನಿನಲ್ಲಿ ಎರಡು ದಾರಿ ಇವೆ. ಪರ್ಮ್, ಅಂದರೆ ಈ ಕೆಲಸಕ್ಕೆ ಅಮೆರಿಕಾದವರು ಸಿಗಲಿಲ್ಲ ಅಂತ ಕಂಪನಿ ಕಾರ್ಮಿಕ ಇಲಾಖೆಗೆ ಕೊಡುವ ಅರ್ಜಿ, ಅದನ್ನು ಹಾಕಿ 365 ದಿನ ಆಗಿದ್ದರೆ ಒಂದೊಂದು ವರ್ಷ ಮುಂದುವರಿಸಬಹುದು. ಪರ್ಮ್ ಮುಗಿದು, ಅದರ ನಂತರ ಕಂಪನಿ ಹಾಕುವ ಗ್ರೀನ್ ಕಾರ್ಡ್ ಅರ್ಜಿ ಐ-140 ಕೂಡ ಮಂಜೂರಾಗಿ, ಗ್ರೀನ್ ಕಾರ್ಡಿಗೆ ನಮ್ಮ ದೇಶದ ಸರದಿ ಮಾತ್ರ ಬಂದಿಲ್ಲ ಅಂದರೆ ಒಂದೇ ಸಲಕ್ಕೆ ಮೂರು ವರ್ಷದವರೆಗೂ ಸಿಗುತ್ತದೆ. ಭಾರತದವರ ಸರದಿ ಯಾವಾಗ ಬರುತ್ತದೆ ಅಂತ ಕೇಳಲೇಬೇಡಿ. ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್‌ಗಳಲ್ಲಿ ಒಂದೊಂದು ದೇಶಕ್ಕೂ ಶೇ. 7ರ ಮಿತಿ. ನಮಗೂ ಅಷ್ಟೇ, ಭೂತಾನ್‌ಗೂ ಅಷ್ಟೇ.

ಆದ್ದರಿಂದ ಐದನೇ ವರ್ಷ ಮುಗಿಯುವುದರೊಳಗೆ ಪರ್ಮ್ ಫೈಲ್ ಆಗಬೇಕು ಅಂತ ಎಲ್ಲರೂ ಬಡಕೊಳ್ಳುವುದು. ನಾನೂ ಮೂರನೇ ವರ್ಷದಿಂದಲೇ ಕಂಪನಿಯನ್ನು ಕೇಳುತ್ತಾ ಬಂದೆ. ಬಜೆಟ್ ಇಲ್ಲ, ಮುಂದಿನ ಕ್ವಾರ್ಟರ್ ನೋಡೋಣ, ಮ್ಯಾನೇಜರ್ ಬದಲಾದರು, ಹೀಗೆ ಒಂದಲ್ಲ ಒಂದು ನೆಪ. ಪರ್ಮ್ ಖರ್ಚನ್ನು ನಾವೇ ಕೊಡ್ತೀವಿ ಅಂದರೂ ಆಗುವುದಿಲ್ಲ, ವಕೀಲರ ಫೀಸೂ ಸೇರಿ ಅದನ್ನು ಕಂಪನಿಯೇ ಭರಿಸಬೇಕು ಅಂತ 2007ರಿಂದ ನಿಯಮ ಇದೆ. ಕೊನೆಗೂ ಒಪ್ಪಿದರು. ಒಪ್ಪಿದ ಮೇಲೂ ತಕ್ಷಣ ಅರ್ಜಿ ಹಾಕುವ ಹಾಗಿಲ್ಲ. ಮೊದಲು ಆ ಕೆಲಸಕ್ಕೆ ಸಂಬಳ ಎಷ್ಟಿರಬೇಕು ಅಂತ ಕಾರ್ಮಿಕ ಇಲಾಖೆ ಹೇಳಬೇಕು, ಅದಕ್ಕೇ ತಿಂಗಳುಗಟ್ಟಲೆ. ಆಮೇಲೆ ಅಮೆರಿಕಾದವರು ಯಾರಾದರೂ ಸಿಗುತ್ತಾರಾ ಅಂತ ಹುಡುಕಬೇಕು. ಎರಡು ಭಾನುವಾರ ಪೇಪರ್‌ನಲ್ಲಿ ಜಾಹೀರಾತು, ರಾಜ್ಯದ ಉದ್ಯೋಗ ಕಚೇರಿಯಲ್ಲಿ 30 ದಿನ ಪ್ರಕಟಣೆ. ನಾನು ಕೂತು ಮಾಡುತ್ತಿರುವ ಕೆಲಸಕ್ಕೇ ಬೇರೆಯವರು ಬೇಕಾಗಿದ್ದಾರೆ ಅಂತ ಭಾನುವಾರದ ಪೇಪರ್‌ನಲ್ಲಿ ಓದುವುದು ಒಂಥರಾ ವಿಚಿತ್ರ. ಅರ್ಜಿ ಬೀಳುವ ಹೊತ್ತಿಗೆ ನನ್ನ ಐದನೇ ವರ್ಷ ಮುಗಿದು ಕೆಲವು ವಾರ ಆಗಿತ್ತು.

ಅಂದರೆ ಆರು ವರ್ಷ ಮುಗಿಯುವ ದಿನಕ್ಕೆ ಪರ್ಮ್‌ಗೆ 365 ದಿನ ತುಂಬಿರುವುದಿಲ್ಲ. ಆ ಕೆಲವು ವಾರದ ಸಂದಿಯನ್ನು ತುಂಬಬೇಕಿತ್ತು. ಇಲ್ಲದಿದ್ದರೆ ಅಷ್ಟು ದಿನ ದೇಶ ಬಿಟ್ಟು ಹೊರಗಿರಬೇಕು. ನಾನು ಊರಿಗೆ ಹೋಗಿದ್ದ ದಿನಗಳು ಕೆಲಸಕ್ಕೆ ಬಂದದ್ದು ಇಲ್ಲೇ. ತಂಗಿ ಮದುವೆ, ಅಪ್ಪನ ಆಪರೇಷನ್, ಎರಡು ದೀಪಾವಳಿ. ಯಾಕೆ ಹೋಗಿದ್ದಿರಿ ಅಂತ ಇಮಿಗ್ರೇಷನ್‌ನವರು ಕೇಳುವುದಿಲ್ಲ. ರಜೆಯೋ, ಊರಿಂದಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡಿದಿರೋ, ಎಲ್ಲವೂ ಒಂದೇ. ಹೊರಗಿದ್ದದ್ದಕ್ಕೆ ಪುರಾವೆ ಇರಬೇಕು, ಅಷ್ಟೇ. ಆ ಪುರಾವೆ ಒದಗಿಸುವುದು ನಮ್ಮ ಹೊಣೆ. ನಾವು ಕೇಳದೆ ಅವರಾಗಿಯೇ ಒಂದು ದಿನವನ್ನೂ ಸೇರಿಸುವುದಿಲ್ಲ.

ನಾನು ಒಂದು ಎಕ್ಸೆಲ್ ಶೀಟ್ ಮಾಡಿದೆ. ಹೊರಟ ದಿನ, ವಾಪಸ್ ಬಂದ ದಿನ, ಪೂರ್ತಿ ಹೊರಗಿದ್ದ ದಿನಗಳು, ಪುರಾವೆ ಯಾವ ಪುಟದಲ್ಲಿದೆ ಅನ್ನುವ ನಾಲ್ಕು ಕಾಲಂ. ಇಲ್ಲಿ ಒಂದು ಸೂಕ್ಷ್ಮ ಇದೆ. ಹೊರಟ ದಿನವೂ ಸಿಗುವುದಿಲ್ಲ, ಬಂದ ದಿನವೂ ಸಿಗುವುದಿಲ್ಲ. ನಡುವಿನ ಪೂರ್ತಿ 24 ಗಂಟೆಯ ದಿನಗಳು ಮಾತ್ರ. 1ನೇ ತಾರೀಖು ಹೊರಟು 20ಕ್ಕೆ ಇಳಿದರೆ 18 ದಿನ. ನ್ಯೂಜೆರ್ಸಿಯಿಂದ ಕಾರಿನಲ್ಲಿ ಹೋಗಿ ಶನಿವಾರ ಕೆನಡಾ ಕಡೆಯಿಂದ ನಯಾಗರಾ ನೋಡಿಕೊಂಡು ಭಾನುವಾರ ವಾಪಸ್ ಬಂದರೆ ಸೊನ್ನೆ.

ಪುರಾವೆಗೆ ಮೊದಲು ಅಮೆರಿಕಾದ ಗಡಿ ಇಲಾಖೆ ಸಿಬಿಪಿಯ ಐ-94 (ದೇಶದೊಳಗೆ ಬಂದದ್ದರ ದಾಖಲೆ) ವೆಬ್‌ಸೈಟಿನಿಂದ ಪ್ರಯಾಣದ ಪಟ್ಟಿ ತೆಗೆದುಕೊಂಡೆ. ಅದರಲ್ಲಿ ಒಂದು ಪ್ರಯಾಣಕ್ಕೆ ಬಂದ ದಿನ ಇತ್ತು, ಹೋದ ದಿನ ಇರಲಿಲ್ಲ. ಅಮೆರಿಕಾದಿಂದ ಹೊರಡುವಾಗ ಪಾಸ್‌ಪೋರ್ಟ್‌ಗೆ ಯಾರೂ ಮುದ್ರೆ ಒತ್ತುವುದಿಲ್ಲವಲ್ಲ. ಆಗ ನೆರವಿಗೆ ಬಂದದ್ದು ಬೆಂಗಳೂರು ಏರ್‌ಪೋರ್ಟ್ ಇಮಿಗ್ರೇಷನ್‌ನ ಮುದ್ರೆ. ಅದೂ ಅರ್ಧ ಅಳಿಸಿದ ಹಾಗಿತ್ತು. ಒಂದು ಮುದ್ರೆಯ ಮೇಲೆ ಇನ್ನೊಂದು ಬಿದ್ದು ತಾರೀಖು 3ಓ 8ಓ ಗೊತ್ತಾಗುತ್ತಿರಲಿಲ್ಲ. ಸ್ಕ್ಯಾನ್ ಮಾಡಿ, ದೊಡ್ಡದು ಮಾಡಿ, ಪಕ್ಕದಲ್ಲಿ ಬೋರ್ಡಿಂಗ್ ಪಾಸ್ ಮತ್ತು ಏರ್‌ಲೈನ್ ಕಳಿಸಿದ್ದ ಇಮೇಲ್ ಇಟ್ಟೆ. ಬೋರ್ಡಿಂಗ್ ಪಾಸ್ ಬಿಸಾಡದೆ ಶೂ ಡಬ್ಬದಲ್ಲಿ ತುಂಬಿಡುವ ಹೆಂಡತಿಯನ್ನು ಅಲ್ಲಿಯವರೆಗೆ ಆಡಿಕೊಳ್ಳುತ್ತಿದ್ದೆ. ಹಳೆಯ ಪಾಸ್‌ಪೋರ್ಟ್ ರದ್ದಾಗಿದ್ದರೂ ಅದರ ಖಾಲಿ ಪುಟವನ್ನೂ ಬಿಡದೆ ನಕಲು ಮಾಡಿಸಿದೆ.

ಇದನ್ನೆಲ್ಲ ಕಂಪನಿಯ ವಕೀಲರಿಗೆ ಕಳಿಸಿದಾಗ ಅವರಿಗೆ ಹೆಚ್ಚು ಕೆಲಸವೇ ಇರಲಿಲ್ಲ. ಎಚ್-1ಬಿ ಮುಂದುವರಿಸುವ ಐ-129 ಅರ್ಜಿ ಹಾಕುವವರು ಕಂಪನಿಯವರು, ನಾವಲ್ಲ. ಅದಕ್ಕೇ ಶೀಟ್ ನಾವೇ ತಯಾರಿಸಿ ಕೊಡುವುದು ಒಳ್ಳೆಯದು. ಅರ್ಜಿಯ ಜೊತೆಗಿನ ಪತ್ರದಲ್ಲಿ ಇಂತಿಷ್ಟು ದಿನ ರಿಕ್ಯಾಪ್ಚರ್ ಕೇಳುತ್ತಿದ್ದೇವೆ ಅಂತ ಸ್ಪಷ್ಟವಾಗಿ ಬರೆಸಿದೆ. ಇರುವ ಅವಧಿ ಮುಗಿಯುವುದಕ್ಕೆ ಆರು ತಿಂಗಳ ಒಳಗೆ ಬಂದಾಗ ಹಾಕಬಹುದು. ಅವಧಿಯೊಳಗೆ ಹಾಕಿದ್ದರೆ, ಉತ್ತರ ಬರದಿದ್ದರೂ ಅದೇ ಕಂಪನಿಯಲ್ಲಿ 240 ದಿನದವರೆಗೆ ಕೆಲಸ ಮಾಡುತ್ತಾ ಇರಬಹುದು. ಹೆಂಡತಿಯದು ಎಚ್-4, ಎಚ್-1ಬಿಯವರ ಕುಟುಂಬದ ವೀಸಾ; ಅದಕ್ಕೆ ಐ-539 ಅಂತ ಬೇರೆ ಅರ್ಜಿ. ಅದು ತಾನಾಗಿ ಮುಂದುವರಿಯುವುದಿಲ್ಲ.

ಕೇಳಿದ ದಿನಗಳೆಲ್ಲ ಸಿಕ್ಕವು. ಅಷ್ಟರಲ್ಲಿ ಪರ್ಮ್‌ಗೆ 365 ದಿನ ತುಂಬಿತು. ಏಳನೇ ವರ್ಷದ ಅರ್ಜಿ ಹಾಕಿದೆವು, ಆಮೇಲೆ ಐ-140 ಮಂಜೂರಾಗಿ ಮೂರು ವರ್ಷ ಸಿಕ್ಕಿತು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಾಸನದ ಹುಡುಗನೊಬ್ಬ ಬೆಂಗಳೂರಿನಿಂದ ಎಲ್-1ಬಿಯಲ್ಲಿ (ಒಂದೇ ಕಂಪನಿಯೊಳಗೆ ವರ್ಗವಾಗಿ ಬರುವವರ ವೀಸಾ) ಬಂದು ಆಮೇಲೆ ಎಚ್-1ಬಿಗೆ ಬದಲಾಗಿದ್ದ. ಅವನು ಎಚ್-1ಬಿ ಶುರುವಾದ ದಿನದಿಂದ ಆರು ವರ್ಷ ಎಣಿಸುತ್ತಿದ್ದ. ಹಾಗಲ್ಲ, ಎಲ್-1ರ ವರ್ಷಗಳೂ ಸೇರುತ್ತವೆ. ಎಚ್-4ರಲ್ಲಿದ್ದ ವರ್ಷಗಳು ಸೇರುವುದಿಲ್ಲ. ಯಾವ ದಾರಿಯೂ ಇಲ್ಲದವರು ಪೂರ್ತಿ ಒಂದು ವರ್ಷ ಹೊರಗಿದ್ದರೆ ಮತ್ತೆ ಹೊಸ ಆರು ವರ್ಷಕ್ಕೆ ಅರ್ಹರಾಗುತ್ತಾರೆ, ಆದರೆ ಎಚ್-1ಬಿ ಆಯ್ಕೆಯ ಲಾಟರಿಗೆ ಮತ್ತೆ ನಿಲ್ಲಬೇಕು.

ತುಂಬಾ ಜನ ಪಾಸ್‌ಪೋರ್ಟ್‌ನಲ್ಲಿ ಅಂಟಿಸಿದ ವೀಸಾದ ತಾರೀಖು ನೋಡಿಕೊಂಡು ನಿಶ್ಚಿಂತೆಯಿಂದ ಇರುತ್ತಾರೆ. ಅದು ಸಿನಿಮಾ ಟಿಕೆಟ್ ಇದ್ದ ಹಾಗೆ, ಒಳಗೆ ಬಿಡುವುದಕ್ಕೆ ಮಾತ್ರ. ಎಷ್ಟು ದಿನ ಇರಬಹುದು ಅನ್ನುವುದನ್ನು ಐ-94 ಹೇಳುತ್ತದೆ. ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ ಏರ್‌ಪೋರ್ಟ್ ಅಧಿಕಾರಿ ಅಷ್ಟಕ್ಕೇ ಐ-94 ಕತ್ತರಿಸಿಬಿಡಬಹುದು. ಹಾಗಾಗಿ ಊರಿಂದ ಬಂದ ರಾತ್ರಿಯೇ, ಜೆಟ್‌ಲ್ಯಾಗ್‌ನಲ್ಲೇ ಆದರೂ ಸರಿ, ಹೊಸ ಐ-94 ಇಳಿಸಿಕೊಂಡು ತಾರೀಖು ನೋಡುತ್ತೇನೆ.

ಕಳೆದ ವರ್ಷ ಕಂಪನಿ ಬದಲಾಯಿಸಿದೆ. ಐ-140 ಮಂಜೂರಾಗಿ 180 ದಿನ ಆದಮೇಲೆ ಹಳೆಯ ಕಂಪನಿ ಅದನ್ನು ವಾಪಸ್ ತೆಗೆದುಕೊಂಡರೂ ಗ್ರೀನ್ ಕಾರ್ಡ್ ಸರದಿಯಲ್ಲಿ ನಮ್ಮ ಜಾಗ ಹೇಳುವ ಪ್ರಯಾರಿಟಿ ಡೇಟ್ ನಮ್ಮದೇ, ಅದರ ಮೇಲೆ ಎಚ್-1ಬಿ ಮುಂದುವರಿಸಲೂಬಹುದು. ಆದರೆ ಹೊಸ ಕಂಪನಿಯಲ್ಲಿ ಪರ್ಮ್ ಮತ್ತೆ ಮೊದಲಿಂದ. ಅದಕ್ಕೇ ರಾಜೀನಾಮೆ ಕೊಡುವ ಮುಂಚೆಯೇ ಎಚ್‌ಆರ್‌ನವರಿಂದ ಐ-140 ನೋಟಿಸಿನ ಪ್ರತಿ ಕೇಳಿ ಇಸ್ಕೊಂಡೆ.