ತಲೆಬರಹದ ಅಲಂಕಾರ, ಹಾಲಿನ ಲೆಕ್ಕ

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಅಲಂಕಾರ ಅಂದರೆ ಉಪಮೇಯ, ಉಪಮಾನ, ಸಮನ್ವಯ, ಮೂರು ಮಾರ್ಕ್ಸು. ಮಕ್ಕಳಿಗೆ ಅಷ್ಟೇ. ಅದಕ್ಕೇ ನಾನು ಪಠ್ಯಪುಸ್ತಕ ಮುಚ್ಚಿಸಿ ಆ ದಿನದ ಪೇಪರ್ ಹರಡುತ್ತೇನೆ.

ಬೆಲೆ ಗಗನಕ್ಕೇರುತ್ತದೆ, ವರುಣ ಆರ್ಭಟಿಸುತ್ತಾನೆ, ಕೋರ್ಟು ಸರ್ಕಾರಕ್ಕೆ ಚಾಟಿ ಬೀಸುತ್ತದೆ. ಇಂಥವಕ್ಕೆ ಪೆನ್ಸಿಲ್‌ನಲ್ಲಿ ಗೀಟು ಎಳೆಯುವುದು ಮಕ್ಕಳಿಗೆ ಆಟ. ಆಮೇಲೆ ಗೀಟು ಬಿದ್ದ ಪದಗಳನ್ನು ಬಿಟ್ಟು ಸುದ್ದಿಯನ್ನು ಮತ್ತೆ ಓದಿಸುತ್ತೇನೆ. ಅಂಕಿ ಉಳಿದರೆ ಲೆಕ್ಕ ಹಾಕಬೇಕು. ಏನೂ ಉಳಿಯದಿದ್ದರೆ ಅದೂ ಉತ್ತರವೇ, ಅಲ್ವಾ?

ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ನಂದಿನಿ ಹಾಲಿನ ಸುದ್ದಿ. 2024ರ ಜೂನ್ ಕೊನೆಯಲ್ಲಿ ನೀಲಿ ಪ್ಯಾಕೆಟ್ಟಿನ ಬೆಲೆ 42ರಿಂದ 44 ರೂಪಾಯಿ ಆಯಿತು. ಜೊತೆಗೆ ಲೀಟರ್ ಪ್ಯಾಕೆಟ್ಟಿಗೆ 50 ಎಂಎಲ್ ಹಾಲು ಸೇರಿತು. ಒಂದು ಕಡೆ 'ಜೇಬಿಗೆ ಕತ್ತರಿ' ಥರದ ಮಾತು. ಇನ್ನೊಂದು ಕಡೆ, ಇದು ದರ ಏರಿಕೆಯೇ ಅಲ್ಲ, ಹೆಚ್ಚಿನ ಹಾಲಿಗೆ ಹೆಚ್ಚಿನ ದುಡ್ಡು ಅನ್ನುವ ಸರ್ಕಾರದ ವಾದ. ಭಾಗಿಸಿ ನೋಡಿ ಅಂದೆ. 1,050 ಎಂಎಲ್‌ಗೆ 44 ಅಂದರೆ ಲೀಟರಿಗೆ ಸುಮಾರು 41.90. ಏರಿಲ್ಲ!

ಹಾಗಾದರೆ ಕತ್ತರಿ ಸುಳ್ಳಾ? ಹಿಂದಿನ ಬೆಂಚಿನ ಹುಡುಗಿ ಬಿಡಲಿಲ್ಲ. "ಸಾರ್, ಆ 50 ಎಂಎಲ್ ಬೇಡ ಅಂದ್ರೆ ಬಿಡ್ತಾರಾ? ನಮ್ಮಮ್ಮ ದಿನಾ ಎರಡು ರೂಪಾಯಿ ಜಾಸ್ತಿ ಕೊಡಲೇಬೇಕಲ್ವಾ?" ಕೊಡಲೇಬೇಕು. ಸರ್ಕಾರ ಲೀಟರ್ ಹಿಡಿದು ಮಾತಾಡುತ್ತಿತ್ತು, ಅವಳಮ್ಮ ಪ್ಯಾಕೆಟ್ ಹಿಡಿದು.

2025ರ ಏಪ್ರಿಲ್ 1ರಿಂದ ಆ 50 ಎಂಎಲ್ ವಾಪಸ್ ಹೋಯಿತು, ಲೀಟರಿಗೆ 46 ಆಯಿತು. ಪ್ಯಾಕೆಟ್ ಲೆಕ್ಕದಲ್ಲಿ ಏರಿದ್ದು 2 ರೂಪಾಯಿ, ಲೀಟರ್ ಲೆಕ್ಕದಲ್ಲಿ ಸುಮಾರು 4. ಈ ಸಲ ಜೋರಾದ ಪದಗಳನ್ನು ಹುಡುಕಿಸಲಿಲ್ಲ. ಯಾವ ಅಂಕಿ ದಪ್ಪ ಅಕ್ಷರದಲ್ಲಿದೆ, ಯಾವುದು ಕೊನೆಯ ಪ್ಯಾರಾದಲ್ಲಿ ಅಡಗಿದೆ, ಅಷ್ಟನ್ನೇ ಕೇಳಿದೆ. ನನ್ನ ಪ್ರಕಾರ ಓದುಗರನ್ನು ಒಂದು ಕಡೆಗೆ ವಾಲಿಸುವ ಕೆಲಸ ರೂಪಕಕ್ಕಿಂತ ಇಲ್ಲೇ ಜಾಸ್ತಿ ನಡೆಯುತ್ತದೆ. ಹೆಚ್ಚಿಸಿದ 4 ರೂಪಾಯಿ ಹಾಲು ಹಾಕುವ ರೈತರಿಗೇ ಅಂತ ಸರ್ಕಾರ ಹೇಳಿತ್ತು. ಅದು ಮೊದಲ ಸಾಲಿಗೆ ಬಂದರೆ ಓದುವವರ ಸಿಟ್ಟು ಅರ್ಧ ಇಳಿಯುತ್ತದೆ. ಮಕ್ಕಳಿಂದ ಅದೇ ಸುದ್ದಿಯನ್ನು ಎರಡು ಥರ ಬರೆಸಿದೆ: ಒಂದು ಹಸು ಸಾಕುವ ಮನೆಗೆ, ಒಂದು ಹಾಲು ಕೊಳ್ಳುವ ಮನೆಗೆ. ಅಂಕಿ ಮಾತ್ರ ಬದಲಾಗಬಾರದು. ಚೆನ್ನಾಗಿ ಬರೆದರು, ಸ್ವಲ್ಪ ಜಾಸ್ತಿಯೇ ಚೆನ್ನಾಗಿ!

'ಎನ್ನಲಾಗಿದೆ', 'ಮೂಲಗಳು ತಿಳಿಸಿವೆ' ಬಂದ ಕಡೆ ಪಕ್ಕದಲ್ಲಿ 'ಯಾರು?' ಅಂತ ಬರೆಸುತ್ತೇನೆ. ಚುನಾವಣೆ ಸುದ್ದಿ ಮಾತ್ರ ತರುವುದಿಲ್ಲ. ಮನೆಯ ಪಾರ್ಟಿ ಜಗಳ ಕ್ಲಾಸಿಗೆ ಬಂದರೆ ಪೆನ್ಸಿಲ್ ಕೆಳಗಿಡುತ್ತಾರೆ. ಹಾಲು, ಟೊಮೆಟೊ, ಬಸ್ ಟಿಕೆಟ್ ಸಾಕು.