ಆಮೆ ನಾಣ್ಯವನ್ನು ನೀರಲ್ಲಿ ತೂಗಿ ನೋಡಿದ್ದು

"ತಮ್ಮಾ, ಬೆಳ್ಳಿ ಅಂದಮೇಲೆ ಒರೆಗಲ್ಲಿಗೆ ಹಚ್ಚಬೇಕು. ನೀರಿನಾಗೆ ಏನ್ ಗೊತ್ತಾಗುತ್ತೆ?" ಅಂದಿದ್ದ ಚೌಕಿಪೇಟೆಯ ಸಾಹುಕಾರ್ರು ಈಗ ಹೊರದೇಶದ ನಾಣ್ಯ ಬಂದರೆ ನನಗೇ ಫೋನ್ ಮಾಡುತ್ತಾರೆ. ಪ್ರೂಫ್ ನಾಣ್ಯ, ಅಂದರೆ ಸಂಗ್ರಹಕಾರರಿಗೆಂದೇ ಕನ್ನಡಿಯಂತೆ ಹೊಳೆಯುವ ಹಾಗೆ ಟಂಕಿಸಿದ್ದು, ಅದರ ಅಂಚನ್ನು ಒಮ್ಮೆ ಒರೆಗಲ್ಲಿಗೆ ಉಜ್ಜಿದರೆ ಮುಗಿಯಿತು, ಆಮೇಲೆ ಬರೀ ಬೆಳ್ಳಿ ರೇಟು.

ಇದಕ್ಕೆಲ್ಲ ಕಾರಣ ದಕ್ಷಿಣ ಪೆಸಿಫಿಕ್‌ನ ನಿಯುವೆ ದ್ವೀಪದ, ಆಮೆ ಚಿತ್ರದ ಎರಡು ಡಾಲರಿನ ಬೆಳ್ಳಿ ನಾಣ್ಯ. ಆನ್‌ಲೈನ್‌ನಲ್ಲಿ ಒಬ್ಬರಿಂದ ಎರಡು ತರಿಸಿದೆ, ಹತ್ತಿರ ಹತ್ತಿರ ಒಂಬತ್ತು ಸಾವಿರ. ಎರಡೂ 31.1 ಗ್ರಾಂ, ಅಯಸ್ಕಾಂತಕ್ಕೂ ಅಂಟಲಿಲ್ಲ. ಆದರೆ ಒಂದು ಕೊಂಚ ದಪ್ಪ ಅನ್ನಿಸಿತು.

ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ನಾಣ್ಯವನ್ನು ತಳ ತಾಗದಂತೆ ದಾರದಲ್ಲಿ ಇಳಿಬಿಟ್ಟರೆ, ಅದು ಸರಿಸಿದ ನೀರಿನ ತೂಕ ಬರುತ್ತದೆ; ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ, ಬೆಳ್ಳಿಗೆ ಅದು ಸುಮಾರು 10.5. ಕೈಕೊಡುವುದು ಬೇರೆ ಕಡೆ. ಅಡುಗೆಮನೆ ತಕ್ಕಡಿ ಉಪಯೋಗಕ್ಕೆ ಬರಲಿಲ್ಲ. ಏಳುನೂರು ಚಿಲ್ಲರೆ ಕೊಟ್ಟು 0.01 ಗ್ರಾಂ ತೋರಿಸುವುದನ್ನು ತಂದೆ. ಹತ್ತಿ ದಾರ ನೀರು ಹೀರಿ ಲೆಕ್ಕ ಕೆಡಿಸಿತು, ಗಾಳದ ತೆಳು ದಾರ ಸರಿಹೋಯಿತು. ಆಮೆ ಚಿಪ್ಪಿನ ಗೆರೆಗಳಲ್ಲಿ ಗಾಳಿಗುಳ್ಳೆ ಕೂತು ಒಂದೊಂದು ಸಲಕ್ಕೆ ಒಂದೊಂದು ಅಂಕಿ ಬರುತ್ತಿತ್ತು. ಗುಳ್ಳೆ ಬಿಡಿಸಲು ನಾನು ಹಾಕುವ ಆ ಒಂದು ತೊಟ್ಟು ಏನು ಅನ್ನುವುದು ನನ್ನಲ್ಲೇ ಇರಲಿ. ನಮ್ಮ ಬೋರ್ ನೀರಂತೂ ಬೇಡ, ಗಡಸು, ಬಿಳಿ ಕಲೆ ಬಿಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ.

ಒಂದು ಆಮೆ 2.96 ಗ್ರಾಂ ತೋರಿಸಿತು, 31.1ನ್ನು ಅದರಿಂದ ಭಾಗಿಸಿದರೆ 10.5, ಅಪ್ಪಟ ಬೆಳ್ಳಿ. ದಪ್ಪದ್ದು 3.6ರ ಮೇಲೆ ಹೋಯಿತು, ಬೆಳ್ಳಿ ಲೇಪ ಕೊಟ್ಟ ಹಿತ್ತಾಳೆ. ಜಗಳವಾಡಿ ಅರ್ಧ ದುಡ್ಡು ವಾಪಸ್ ತೆಗೆದುಕೊಂಡೆ.

ಟುವಾಲು ಅನ್ನುವ ದ್ವೀಪದೇಶದ 2006ರ, ಕೆಂಪುಬೆನ್ನಿನ ಜೇಡದ ಬಣ್ಣದ ನಾಣ್ಯವನ್ನೂ ಹೀಗೇ ತೂಗಿದೆ, ಬಣ್ಣಕ್ಕೆ ಏನೂ ಆಗಲಿಲ್ಲ. ಬಣ್ಣದ ನಾಣ್ಯದ ಹತ್ತಿರ ಅಸಿಟೋನ್ ಮಾತ್ರ ತರಬೇಡಿ. ನಡುವೆ ಬೆಳ್ಳಿ ಮಾಸದಂತೆ ಇಡಲು ಸೀಮೆಸುಣ್ಣದ ಪ್ರಯೋಗವೂ ಆಯಿತು. ದೀಪಾವಳಿಯ ಪಟಾಕಿ ಹೊಗೆಗೆ ಹೊರಗಿಟ್ಟ ಬೆಳ್ಳಿ ಬಿಲ್ಲೆ ಹಳದಿಗೆ ತಿರುಗಿತು, ಸುಣ್ಣದಕಡ್ಡಿ ಜೊತೆ ಡಬ್ಬಿಯಲ್ಲಿಟ್ಟದ್ದು ಹಾಗೇ ಇದೆ. ಕಾಪಾಡಿದ್ದು ಡಬ್ಬಿಯೋ ಸುಣ್ಣವೋ, ಮುಂದಿನ ಹಬ್ಬಕ್ಕೆ ನೋಡಬೇಕು.

ದುಡ್ಡು ಉಳಿದದ್ದು ಮಾರಿಷಸ್‌ನ 1975ರ ಐವತ್ತು ರೂಪಾಯಿಯಲ್ಲಿ. ಅದರ ಮೇಲಿರುವ ಮಾರಿಷಸ್ ಕೆಸ್ಟ್ರೆಲ್ ಅನ್ನುವ ಪುಟ್ಟ ಬೇಟೆಹಕ್ಕಿ 1974ರಲ್ಲಿ ಕಾಡಿನಲ್ಲಿ ಕಂಡದ್ದು ನಾಲ್ಕೇ ನಾಲ್ಕು. ಹಾಗಾಗಿ ಆ ನಾಣ್ಯ ಕೈಗೆ ಬಂದರೆ ನನಗೆ ಕೆಳಗಿಡಲು ಮನಸ್ಸಾಗುವುದಿಲ್ಲ. ಸಾದಾ ನಾಣ್ಯದಲ್ಲಿ ಬೆಳ್ಳಿ ಅರ್ಧ, ಪ್ರೂಫ್‌ನಲ್ಲಿ 925, ಅಂದರೆ ಸಾವಿರಕ್ಕೆ 925 ಪಾಲು. ಚಿತ್ರದುರ್ಗದಲ್ಲಿ ಒಬ್ಬರು 925 ಅಂತ ಆರು ಸಾವಿರ ಹೇಳಿದರು. ತಕ್ಕಡಿ, ಲೋಟ ಜೊತೆಗೇ ಒಯ್ದಿದ್ದೆ. ಅವರ ಮೇಜಿನ ಮೇಲೆ ತೂಗಿ ಭಾಗಿಸಿದರೆ 9.7 ಬಂತು, 925 ಆಗಿದ್ದರೆ 10.3ರ ಮೇಲೆ ಬರಬೇಕಿತ್ತು. ಎರಡೂವರೆ ಸಾವಿರಕ್ಕೆ ಮುಗಿಸಿ, ಬಿಲ್ಲಿನಲ್ಲಿದ್ದ 925 ಅನ್ನು ಅವರ ಕೈಯಿಂದಲೇ ಹೊಡೆದು ಹಾಕಿಸಿದೆ.